ಮಂಡಳಿಯಲ್ಲಿ ಕುರ್ಚಿ ಸಿಕ್ಕ ಮೇಲೆ

ಖಾಸಗಿ ಶಾಲೆಗಳ ಟ್ರಸ್ಟ್ ಮಂಡಳಿಗೆ ಪೋಷಕರನ್ನೂ ಸೇರಿಸಬೇಕೆಂದು ವಾದಿಸುವ ಲೇಖನವೊಂದನ್ನು ಓದಿದೆ. ವಾದ ಸರಿಯೇ. ಆದರೆ ಒಳಗೆ ಹೋದವರ ಪಾಡು ಬೇರೆ. ಕೊಡಗಿನ ಶಾಲೆಯೊಂದರ ಮಂಡಳಿಯಲ್ಲಿ ನಾನು ಎರಡು ವರ್ಷ ಇದ್ದೆ. ಮುಖ್ಯ ಸಭೆ ಜನವರಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಕಣ ಬಿಟ್ಟು ಯಾರು ಬರುತ್ತಾರೆ? ಬಂದವರಿಗೆ ಚಕ್ಕುಲಿ ಮೊದಲೇ ಸಿಗುತ್ತಿತ್ತು. ಲೆಕ್ಕಪತ್ರ ಮಾತ್ರ ಸಹಿ ಹಾಕುವಾಗ, ಅದೂ ಕೊನೆಯ ಪುಟವಷ್ಟೇ. ಶಾಲಾ ವಾಹನದ ಸವೆದ ಟೈರು ಬದಲಿಸಿ ಎಂದು ಮೂರು ಸಭೆಗಳಲ್ಲಿ ಕೇಳಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅನುದಾನರಹಿತ ಶಾಲೆಗೆ ಆ ಕಲಂ ಅನ್ವಯಿಸುವುದಿಲ್ಲ. ಸಿಬಿಎಸ್‌ಇ ನಿಯಮದಲ್ಲಿ ಇಬ್ಬರು ಪೋಷಕರಿಗೆ ಜಾಗವಿದೆ, ಆದರೆ ಅದು ಶಾಲಾ ಆಡಳಿತ ಸಮಿತಿಯಲ್ಲಿ. ಆಸ್ತಿ, ಹಣದ ಯಜಮಾನಿಕೆ ಇರುವ ಟ್ರಸ್ಟ್ ಬೇರೆಯೇ. ಲೇಖಕರು ಎರಡನ್ನೂ ಒಂದೇ ಎಂಬಂತೆ ಬರೆದಿದ್ದಾರೆ.

ನಮ್ಮವರದೂ ತಪ್ಪಿದೆ ಬಿಡಿ. ನನ್ನ ಜೊತೆಗಿದ್ದ ಇನ್ನೊಬ್ಬ ಪೋಷಕರು ಬಾಯಿ ತೆರೆದರೆ ಮಗನನ್ನು ಶಾಲೆಯ ಹಾಕಿ ತಂಡಕ್ಕೆ ಏಕೆ ತೆಗೆದುಕೊಂಡಿಲ್ಲ ಎಂಬ ಮಾತೇ. ಅವನು ಹತ್ತನೆಯ ತರಗತಿ ಮುಗಿಸಿದ ತಿಂಗಳೇ ರಾಜೀನಾಮೆ ಕೊಟ್ಟರು. ಟೈರು ಆಗಸ್ಟ್‌ನಲ್ಲಿ ಬದಲಾಯಿತು, ವಾಹನ ಚರಂಡಿಗೆ ಇಳಿದ ಮರುದಿನ.