ಮೈಕ್ ಕೈಕೊಟ್ಟ 27 ನಿಮಿಷ

ಟಿವಿ ಚುನಾವಣಾ ಚರ್ಚೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಯಾವುದು ಅಂತ ಕೇಳಿದರೆ, ನನ್ನ ಓಟು 1976ಕ್ಕೆ. ಊರು ಅಮೆರಿಕದ ಫಿಲಡೆಲ್ಫಿಯಾ. ಒಂದು ಕಡೆ ಅಧ್ಯಕ್ಷ ಫೋರ್ಡ್, ಇನ್ನೊಂದು ಕಡೆ ಎದುರಾಳಿ ಕಾರ್ಟರ್. ಚರ್ಚೆ ಇನ್ನೇನು ಮುಗಿಯಬೇಕು, ಸೌಂಡ್ ಕೈಕೊಟ್ಟಿತು. ಸರಿಹೋಗಲು 27 ನಿಮಿಷ ಬೇಕಾಯಿತು. ಕೋಟ್ಯಂತರ ಜನ ನೋಡುತ್ತಿದ್ದಾರೆ, ನಾಯಕರಿಬ್ಬರೂ ವೇದಿಕೆಯಲ್ಲೇ ಇದ್ದಾರೆ, ಪರಸ್ಪರ ಒಂದು ಮಾತಿಲ್ಲ! ಒಂದು ಭರವಸೆ ಇಲ್ಲ, ಒಂದು ಸುಳ್ಳಿಲ್ಲ.

ಈ ಕತೆಯನ್ನು ಮಳೆಗಾಲದಲ್ಲಿ ಕೊಡಗಿನವರಿಗೆ ಹೇಳಬಾರದು. 'ಬರೀ 27 ನಿಮಿಷವಾ?' ಅಂತ ನಗುತ್ತಾರೆ. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಅಷ್ಟು ಹೊತ್ತಿಗೆ ಪಾಪ ಲೈನ್‌ಮ್ಯಾನ್‌ಗೆ ಯಾವ ಮರ ಅಂತಲೂ ಗೊತ್ತಾಗಿರುವುದಿಲ್ಲ.

ಅಮೆರಿಕದವರು ಪಾಠ ಕಲಿತರು ಅನ್ನಿ. 2020ರಲ್ಲಿ ಟ್ರಂಪ್, ಬೈಡನ್ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ ಮೇಲೆ, ಮೈಕನ್ನು ಬೇಕಂತಲೇ ಬಂದ್ ಮಾಡುವ ನಿಯಮ ತಂದರು. ಫ್ರಾನ್ಸಿನಲ್ಲಿ ಇನ್ನೂ ನಾಜೂಕು. ಯಾರು ಎಷ್ಟು ಮಾತಾಡಿದರು ಅಂತ ಗಡಿಯಾರ ಇಟ್ಟು ಅಳೆಯುತ್ತಾರೆ. ಏನು ಮಾತಾಡಿದರು ಅಂತ ಅಳೆಯುವ ಗಡಿಯಾರ ಇನ್ನೂ ಬಂದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬ್ರಿಟನ್. 2019ರಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಟಿವಿ ಚರ್ಚೆ. ಪ್ರಧಾನಿ ಬೋರಿಸ್ ಜಾನ್ಸನ್ ಬರಲಿಲ್ಲ. ಚಾನೆಲ್‌ನವರು ಅವರ ಜಾಗದಲ್ಲಿ ಭೂಗೋಳದ ಆಕಾರದ ಐಸ್ ಗಡ್ಡೆ ಇಟ್ಟರು. ಅದು ಚರ್ಚೆಯುದ್ದಕ್ಕೂ ತೊಟ್ಟಿಕ್ಕುತ್ತಾ ಕೂತಿತ್ತು. ಬದಲಿಗೆ ಬಂದ ಮಂತ್ರಿ ಗೋವ್ ಅವರನ್ನು 'ಇದು ನಾಯಕರಿಗೆ ಮಾತ್ರ' ಅಂತ ಹೇಳಿ ಸೇರಿಸಿಕೊಳ್ಳಲಿಲ್ಲ. ಮಂತ್ರಿಗೆ ಸಿಗದ ಜಾಗ ಐಸಿಗೆ ಸಿಕ್ಕಿತು, ನೋಡಿ.

ನಮ್ಮ ದೇಶದಲ್ಲಿ ಐಸಿನ ಖರ್ಚೂ ಇಲ್ಲ. 2024ರಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳು ಮತ್ತು ಪತ್ರಕರ್ತ ಎನ್. ರಾಮ್ ಸೇರಿ ಮೋದಿ, ರಾಹುಲ್ ಗಾಂಧಿ ಇಬ್ಬರನ್ನೂ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಆ ಕಡೆಯಿಂದ ಬಿಜೆಪಿ ಯುವ ಮೋರ್ಚಾದ ನಾಯಕರೊಬ್ಬರ ಹೆಸರು ಬಂತು. ಚರ್ಚೆ ಮಾತ್ರ ಬರಲಿಲ್ಲ. ನಮಗೆ ಅದೇನೂ ಬೇಜಾರಾಗಲಿಲ್ಲ, ಅಭ್ಯಾಸ ಅಲ್ವಾ? ನಮ್ಮಲ್ಲಿ ನಾಯಕರು ಒಬ್ಬರಿಗೊಬ್ಬರು ಉತ್ತರ ಕೊಡುವುದು ಬೇರೆ ಬೇರೆ ಊರಿನ ಬೇರೆ ಬೇರೆ ಮೈಕಿನಲ್ಲಿ.

ಆದರೂ ಒಂದು ಆಸೆ. ಮಡಿಕೇರಿಯ ಗಾಂಧಿ ಮೈದಾನದಲ್ಲಿ ಒಂದು ಚರ್ಚೆ ಆಗಲಿ. ಪ್ರಶ್ನೆ ಒಂದೇ: 'ತೋಟಕ್ಕೆ ಬರುವ ಆನೆಗೆ ಏನು ಮಾಡ್ತೀರಿ?' ಉತ್ತರ ನನಗೆ ಈಗಲೇ ಗೊತ್ತು. ಒಬ್ಬರು 'ಹಿಂದಿನ ಸರ್ಕಾರ' ಅಂತಾರೆ. ಇನ್ನೊಬ್ಬರು 'ಕೇಂದ್ರ' ಅಂತಾರೆ. ಮೂರನೆಯವರು ಎದ್ದು, ತಾವು ಗೆದ್ದರೆ ಸಮಿತಿ ರಚಿಸುವುದಾಗಿ ಘೋಷಿಸುತ್ತಾರೆ. ಆನೆ ತಡೆಯುವ ರೈಲು ಕಂಬಿಯ ಬೇಲಿ ಎಲ್ಲಿಗೆ ಬಂತು ಅಂತ ಯಾರಾದರೂ ಕೇಳಿದರೆ, ಆಗ ನಿಜವಾಗಿಯೂ ಮೈಕ್ ಕೈಕೊಡುತ್ತದೆ.

ಒಂದೇ ಷರತ್ತು. ಸಂಜೆ ಐದಕ್ಕೆಲ್ಲಾ ಮುಗಿಸಬೇಕು. ಕತ್ತಲಾದ ಮೇಲೆ ಸಿದ್ದಾಪುರದ ತೋಟಗಳಿಗೆ ನಡೆದು ಹೋಗುವವರು ಇರ್ತಾರೆ. ಎಸ್ಕಾರ್ಟ್ ಇರುವುದು ವೇದಿಕೆ ಮೇಲಿನವರಿಗೆ ಮಾತ್ರ.