ಯಾವಾಗ ನೋವಾಗತೈತಿ ಅಂತ ಒಮ್ಮೆ ಕೇಳ್ರಪಾ

ಇವತ್ತು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಉಣಕಲ್ ಹತ್ತಿರ ಮುಂದಿನ ಸೀಟಿನ ಅಜ್ಜಿ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು. ಕುಡಿದವರೇ ಕಿವಿ ಹಿಡಿದುಕೊಂಡು ಮುದುಡಿದರು. ಅರ್ಧ ನಿಮಿಷ ಅಷ್ಟೇ. ಪಕ್ಕದಲ್ಲಿದ್ದ ಮಗ ಮೊಬೈಲ್‌ನಿಂದ ತಲೆ ಎತ್ತದೆ, "ಗ್ಯಾಸ್ ಆಗೇತಿ, ಸುಮ್ನ ಕೂಡಬೇ" ಅಂದ.

ನನಗೆ ತಲೆ ಕೆಟ್ಟಿತು. ಯಾಕೆ ಅಂತ ನಮ್ಮವ್ವನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಅವ್ವ ಹನ್ನೊಂದು ತಿಂಗಳು ಒಂದೇ ಮಾತು ಹೇಳಿದಳು. "ನುಂಗಿದ್ರ ಗಂಟಲದಾಗ ಕರೆಂಟ್ ಹೊಡದಂಗ ಆಗಿ ಕಿವಿಗೆ ಹೊಕ್ಕತೈತಿ." ಇಡೀ ರೋಗ ಆ ಸಾಲಿನಲ್ಲೇ ಇತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರು ಎರಡು ದವಡೆ ಹಲ್ಲು ಕಿತ್ತರು. ಒಬ್ಬರು ಟಾನ್ಸಿಲ್ ಅಂದರು. ಇನ್ನೊಬ್ಬರು ಟೆನ್ಶನ್ ಅಂದರು. (ಟೆನ್ಶನ್ ಇತ್ತು, ಹಲ್ಲಿನ ಬಿಲ್ ನೋಡಿ.)

ಕೊನೆಗೆ ನರರೋಗದ ಡಾಕ್ಟರೊಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು. "ಯಾವಾಗ ಬರತೈತ್ರಿ ಅಮ್ಮಾರ? ನುಂಗಿದಾಗ? ಆಕಳಿಸಿದಾಗ? ಎಷ್ಟ್ ಹೊತ್ತ ಇರತೈತಿ?" ಉತ್ತರ ಕೊಡುವ ಮೊದಲೇ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗ್ಲಾಸೋಫ್ಯಾರಿಂಜಿಯಲ್ ನ್ಯೂರಾಲ್ಜಿಯಾ. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ 9ನೆಯದರ ನೋವು. ನಾಲಿಗೆಯ ಬುಡ, ಗಂಟಲು, ಕಿವಿಯ ಒಳಗೆಲ್ಲ ಅದರದ್ದೇ ಕಾರುಬಾರು. ಎಷ್ಟೋ ಸಲ ಪಕ್ಕದ ರಕ್ತನಾಳ ಅದನ್ನು ಒತ್ತುತ್ತಿರುತ್ತದೆ. ಕೆನ್ನೆ, ದವಡೆಗೆ ಹೊಡೆಯುವ ಟ್ರೈಜೆಮಿನಲ್ ನೋವು 5ನೇ ನರದ್ದು. ಇದು ಅದಕ್ಕಿಂತ ತೀರಾ ಅಪರೂಪ. ಕೆಲವರಿಗೆ ನೋವಿನ ಜೊತೆ ಎದೆಬಡಿತ ನಿಧಾನವಾಗಿ ಎಚ್ಚರವೇ ತಪ್ಪುತ್ತದೆ.

"ಅಪರೂಪದ ರೋಗ, ಎಲ್ಲಾರಿಗೂ ಹೆಂಗ ಗೊತ್ತಿರತೈತಿ?" ಅಂತ ಡಾಕ್ಟರ್ ಗೆಳೆಯನೊಬ್ಬ ಕೇಳಿದ. ಸರಿಯಪ್ಪ, ಹೆಸರು ಗೊತ್ತಿರಬೇಕು ಅಂತ ಯಾರು ಅಂದರು? "ಯಾವಾಗ?" ಅಂತ ಕೇಳೋಕೆ ಎಂಡಿ ಮಾಡಬೇಕಾ? ಆ ನರರೋಗದ ಡಾಕ್ಟರು ಅವ್ವನ ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು ನೀರು ಕುಡಿಸಿದರು. ನೋವು ಬರಲಿಲ್ಲ. ಅಲ್ಲೇ ಅರ್ಧ ಗೊತ್ತಾಯಿತು. ಆಮೇಲೆ ಎಂಆರ್‌ಐ. ಈಗ ಕಾರ್ಬಮಜೆಪಿನ್ ಗುಳಿಗೆ, ಸಣ್ಣ ಡೋಸಿನಿಂದ ಮೆಲ್ಲಗೆ ಏರಿಸಿದ್ದು. ರಕ್ತದ ಸೋಡಿಯಂ ಇಳಿಯಬಹುದು ಅಂತ ಆಗಾಗ ಟೆಸ್ಟ್ ಬೇರೆ. ಗುಳಿಗೆ ನಾಟದಿದ್ದರೆ ಆಪರೇಷನ್ ಇದೆ. ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಒಂದಿನ ಅವ್ವ ರೊಟ್ಟಿ ಬಿಟ್ಟು ಎದ್ದಾಗ "ನಾಟಕ ಸಾಕವಾ" ಅಂದಿದ್ದೆ. ಮರುದಿನದಿಂದ ಅವಳು ನಾವೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಂಬಲಿ ಕುಡಿಯುತ್ತಿದ್ದಳು. ನನಗೆ ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಅಜ್ಜಿಗೂ ಅದೇ ರೋಗ ಅಂತ ನಾನು ಹೇಳುತ್ತಿಲ್ಲ. ಆದರೂ ನವನಗರ ಬರುವಷ್ಟರಲ್ಲಿ ಟಿಕೆಟ್ ಹಿಂದೆ ಬರೆದುಕೊಟ್ಟೆ: ನರರೋಗದ ಡಾಕ್ಟರ್. ನುಂಗಿದಾಗ ಅಂತ ಹೇಳಿ.

"ನೀವ್ ಡಾಕ್ಟ್ರೇನ್ರಿ?" ಅಂದ ಮಗ.

"ಅಲ್ರಿ."

ಅಜ್ಜಿ ಟಿಕೆಟ್ಟನ್ನು ಮಡಚಿ ಎಲೆಅಡಿಕೆ ಸಂಚಿಯೊಳಗೆ ಇಟ್ಟುಕೊಂಡರು.