ರೊಟ್ಟಿಗೆ ಬಂದ ‘ಗ್ಲುಟೆನ್ ಫ್ರೀ’ ಬಿರುದು

ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳಿಸ್ತದ ಅಂತಾರ. ಮುಂಬೈದಾಗ ಯಾರೋ ಒಬ್ಬಾಂವ ‘ಓಟ್ಸ್’ ಅಂತ ಕೂಗಿರಬೇಕು, ನಮ್ಮ ವಿಜಯಪುರದ ಅಂಗಡಿ ಅಂಗಡ್ಯಾಗ ಅದು ಇನ್ನೂ ಕೇಳಿಸಾಕತ್ತದ.

ಹೋದ ವಾರ ನಮ್ಮ ಓಣ್ಯಾಗ ಸಮತೋಲನ ಆಹಾರದ ಶಿಬಿರ ಇತ್ತು. ಬೆಂಗಳೂರಿಂದ ಬಂದ ಡಯಟ್ ಮೇಡಂ, “ಕಾರ್ಬ್ (ಅಂದ್ರ ಪಿಷ್ಟ, ಸಕ್ಕರಿ) ಕಡಿಮೆ ಮಾಡಿ, ಕಾರ್ಬ್ ಆರಿಸಿ ತಿನ್ನಿ” ಅಂತ ಹೇಳೂದು, ನನ್ನ ಬಾಜೂ ಕೂತ ಕಾಕಾ ಬೆವರೂದು. “ಖಾರ ಕಡಿಮಿ ಮಾಡಿದ್ರ ರೊಟ್ಟಿ ಗಂಟಲದಾಗ ಹೆಂಗ ಇಳೀಬೇಕೋ ತಮ್ಮಾ?”

ಪರದೆ ಮ್ಯಾಲ ಓಟ್ಸ್ ಬಂತು, ಹಿಂದ ಕಿನೋವಾ ಬಂತು. ದಕ್ಷಿಣ ಅಮೆರಿಕದ ಆಂಡಿಸ್ ಗುಡ್ಡದ ಬೀಜ ಅದು, ಕಾಕಾ ಸೊಲ್ಲಾಪುರ ದಾಟಿಲ್ಲ. “ಕೊಬ್ಬು ಕಡಿಮೆ” ಅಂತ ಹೊಗಳಿದ್ದೇ ಹೊಗಳಿದ್ದು. ನಾ ಸುಮ್ಮನ ಮೊಬೈಲ್ ತಗದು ನೋಡಿದೆ. ನೂರು ಗ್ರಾಂ ಓಟ್ಸ್‌ದಾಗ ಕೊಬ್ಬು 6-7 ಗ್ರಾಂ, ಕಿನೋವಾದಾಗ ಸುಮಾರು 6. ನಮ್ಮ ಜ್ವಾಳದಾಗ 2 ಗ್ರಾಂ ಸೈತ ತುಂಬೂದಿಲ್ಲ. ನಾರು ಸುಮಾರು 10 ಗ್ರಾಂ. ಮೈದಾದಾಗ 3 ಗ್ರಾಂ ಇದ್ರ ಹೆಚ್ಚು.

ಕೈ ಎತ್ತಿ, “ಜ್ವಾಳದ ರೊಟ್ಟಿ ನಡೀತದೇನ್ರಿ ಮೇಡಂ?” ಅಂದೆ.

“ಓ, ಜೋವರ್! ಗ್ಲುಟೆನ್ ಫ್ರೀ ಅಲ್ವಾ, ಸೂಪರ್‌ಫುಡ್!” ಅಂದ್ರು. ಚಪ್ಪಾಳಿ ಬಿತ್ತು.

ಗ್ಲುಟೆನ್ ಅಂದ್ರ ಗೋಧಿ ಹಿಟ್ಟಿಗೆ ಜಿಗಿ ಕೊಡೋ ಪ್ರೋಟೀನು. ಅದಿಲ್ಲದ್ದ ಗ್ಲುಟೆನ್ ಫ್ರೀ. ಇದನ್ನ ನಮ್ಮವ್ವ ಜನ್ಮಾ ಪೂರ್ತಿ ಬೈಗಳಾಗೇ ಅಂದಾಳ: “ಹಾಳಾದ ಹಿಟ್ಟಿಗೆ ಜಿಗೀನ ಇಲ್ಲ!” ಗೋಧಿಯ ಹಂಗ ಎಳದ್ರ ಬರೂದಿಲ್ಲ ಅಂತನ ಕುದಿಯೋ ನೀರು ಸುರುವಿ ಕೈ ಸುಟ್ಟುಕೊಂಡು ನಾದೂದು, ಲಟ್ಟಿಸಿದ್ರ ಹರೀತದ ಅಂತನ ಬಡಿಯೂದು. ಅವ್ವನ ಆ ಗೋಳು ಈಗ ಪ್ಯಾಕೆಟ್ ಮ್ಯಾಲ ಬಂಗಾರದ ಅಕ್ಷರದಾಗ ಅದ.

2018ರಾಗ ಕೇಂದ್ರ ಸರಕಾರ ಜ್ವಾಳಾನ್ನ ಪೌಷ್ಟಿಕ ಧಾನ್ಯ ಅಂತು, 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತು. ಅಲ್ಲೀತನಕ ನಮ್ಮ ಹುಡುಗೂರು ಡಬ್ಬಿಯೊಳಗ ರೊಟ್ಟಿ ಒಯ್ಯಾಕ ನಾಚತಿದ್ರು. ಈಗ ಅವರೇ ‘ಮಿಲೆಟ್ ಬಿಸ್ಕಿಟ್’ ಕೊಳ್ತಾರ. ಒಂದು ಪ್ಯಾಕೆಟ್ ತಿರುವಿ ನೋಡಿದೆ. ಯಾವುದು ಹೆಚ್ಚು ಇರತದೋ ಅದರ ಹೆಸರು ಮೊದಲ ಬರೀಬೇಕು ಅಂತ ಕಾಯ್ದೆ ಅದಲ್ಲ. ಮುಂದ ತೂಗಾಡೋ ಜ್ವಾಳದ ತೆನಿ. ಹಿಂದ ಮೊದಲ ಹೆಸರು ಮೈದಾ, ಎರಡನೇದು ತಾಳೆ ಎಣ್ಣಿ, ಆಮ್ಯಾಲ ಸಕ್ಕರಿ. ಜ್ವಾಳ ಎಲ್ಲೋ ಉಪ್ಪಿನ ಬಾಜೂ ಕೂತಿತ್ತು, ಮದುವಿಗೆ ಬಂದ ದೂರದ ಬೀಗರ ಹಂಗ.

ಹಂಗಂತ ನಾವೇನು ಸಾಚಾ ಅಲ್ಲ ಬಿಡ್ರಿ. ರೊಟ್ಟ್ಯಾಗ ಕೊಬ್ಬಿಲ್ಲ ಖರೆ, ಅದರ ಮ್ಯಾಲ ಬೆಣ್ಣಿ ಮುದ್ದಿ ಅದಲ್ಲ? ಶೇಂಗಾ ಅಂದ್ರ ಅರ್ಧದ ಹತ್ರ ಎಣ್ಣೀನ, ಅದರ ಹಿಂಡಿಗೆ ಮ್ಯಾಲ ಮತ್ತ ಎಣ್ಣಿ. ಎಣಗಾಯಿ ಬದನಿಕಾಯಿಗೆ ಈಜು ಬರಲಿಲ್ಲ ಅಂದ್ರ ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಾಗ, ದಿನದ ಶಕ್ತಿಯೊಳಗ ಧಾನ್ಯದ ಪಾಲು ನೂರಕ್ಕ 45 ದಾಟಬಾರದು, ಉಳಿದದ್ದು ಬ್ಯಾಳಿ, ಕಾಯಿಪಲ್ಯ, ಹಾಲು, ಹಣ್ಣು ಇಂಥಾವರಿಂದ ಬರಲಿ ಅಂತ ಹೇಳ್ಯಾದ. ಕಾಕಾನ ಗಂಗಾಳದಾಗ ಐದು ರೊಟ್ಟಿ, ಹೆಸರಕಾಳ ಪಲ್ಯ ಒಂದು ಚಮಚ. ಮೆಂತ್ಯಾ ಸೊಪ್ಪು ದನಕ್ಕ.

ಶಿಬಿರ ಮುಗೀತು, ಊಟ. ಪೂರಿ, ಸಾಗು, ಬಿಳಿ ಅಕ್ಕಿ ಪಲಾವ್, ಜಿಲೇಬಿ. ರೊಟ್ಟಿ ಮೂಲ್ಯಾಗ ಒಂದು ಟೇಬಲ್ ಮ್ಯಾಲ, ‘ಶುಗರ್ ಇದ್ದವರಿಗೆ ಮಾತ್ರ’ ಅಂತ ಬೋರ್ಡ್ ಹಚ್ಚಿ. ಅಲ್ಲಿ ನಿಂತ್ರ ಊರಿಗೆಲ್ಲ ರಿಪೋರ್ಟ್ ಹಂಚಿದಂಗ ಅಂತ ಯಾರೂ ಹಾಯಲಿಲ್ಲ. ಮೇಡಂ ಮಾತ್ರ ಇಪ್ಪತ್ತು ಖಡಕ್ ರೊಟ್ಟಿ ಬೆಂಗಳೂರಿಗೆ ಕಟ್ಟಿಸಿಕೊಂಡ್ರು.

ಕಾಕಾ ಜಿಲೇಬಿ ಪಾಳಿಯೊಳಗ ಎರಡನೇ ಸಲ ನಿಂತಿದ್ದ. “ಶುಗರ್ ಅದಲ್ಲೋ ನಿನಗ?” ಅಂದೆ.

“ಖಾರ ಬಿಡು ಅಂದ್ರಲ್ಲಪಾ, ಅದಕ್ಕ ಸಿಹಿ ಹಿಡದೀನಿ.”